ಮರ್ಲಿನ್ ಕಥೆ ಹೇಳುವ ಹಕ್ಕು ಯಾರದು?

ತೀರಿಹೋದ ಸ್ಟಾರ್ ಒಬ್ಬರ ಬದುಕನ್ನ ನಾಟಕ, ಪದ್ಯ ಮಾಡೋ ಹಕ್ಕು ಯಾರಿಗಿದೆ? ಹತ್ತಿರದಿಂದ ಬಲ್ಲವರಿಗೆ ಅಂತ ಥಟ್ಟನೆ ಹೇಳ್ತೀವಿ. ಜೊತೆಗೆ ಬಾಳಿದವರಿಗೆ ಗೊತ್ತಿರೋದು ಹೊರಗಿನವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ? ಮರ್ಲಿನ್ ಮನ್ರೋ ವಿಷಯದಲ್ಲಿ ನನಗೆ ಈ ಉತ್ತರದ ಮೇಲೆ ಅನುಮಾನವಿದೆ.

ನಾಟಕಕಾರ ಆರ್ಥರ್ ಮಿಲ್ಲರ್ ಆಕೆಯ ಗಂಡನಾಗಿದ್ದವನು. 1956ರಲ್ಲಿ ಮದುವೆ, 1961ರಲ್ಲಿ ವಿಚ್ಛೇದನ. 1962ರ ಆಗಸ್ಟ್‌ನಲ್ಲಿ, 36ನೇ ವಯಸ್ಸಿಗೆ ಮರ್ಲಿನ್ ತೀರಿಕೊಂಡಳು. ಒಂದೂವರೆ ವರ್ಷ ತುಂಬುವ ಮೊದಲೇ, 1964ರ ಜನವರಿಯಲ್ಲಿ, ನ್ಯೂಯಾರ್ಕಿನಲ್ಲಿ ಮಿಲ್ಲರನ 'ಆಫ್ಟರ್ ದಿ ಫಾಲ್' ರಂಗಕ್ಕೆ ಬಂತು. ಅದರಲ್ಲಿ ಮ್ಯಾಗಿ ಅಂತ ಒಬ್ಬ ಗಾಯಕಿ. ಜನ ಮುಗಿಬೀಳುವ ಚೆಲುವೆ, ಮಾತ್ರೆಗಳ ದಾಸಿ. ಪಾತ್ರಧಾರಿಗೆ ಹೊಂಬಣ್ಣದ ವಿಗ್ ಬೇರೆ. ಇವಳು ಮರ್ಲಿನ್ ಅಲ್ಲ ಅಂದ ಮಿಲ್ಲರ್. ನಂಬಿದವರು ಕಡಿಮೆ. ನನ್ನ ತಕರಾರು ಅದಲ್ಲ. ಇಡೀ ನಾಟಕ ಕ್ವೆಂಟಿನ್ ಎಂಬ ವಕೀಲನ ತಲೆಯೊಳಗೇ ನಡೆಯುತ್ತೆ. ನೆನಪು ಅವನದು, ಪಾಪಪ್ರಜ್ಞೆ ಅವನದು, ವಿಚಾರಣೆಯೂ ಅವನದೇ. ಮ್ಯಾಗಿ ಅಲ್ಲಿ ಬರೀ ಸಾಕ್ಷ್ಯ.

ಈಗ ದೂರದವರನ್ನು ನೋಡಿ. ನಿಕರಾಗುವಾದ ಪಾದ್ರಿ, ಕವಿ ಎರ್ನೆಸ್ತೊ ಕಾರ್ದೆನಾಲ್ ಆಕೆಗಾಗಿ ಪ್ರಾರ್ಥನೆಯ ರೂಪದಲ್ಲೊಂದು ಪದ್ಯ ಬರೆದ. ಸಿನಿಮಾ ತಾರೆಗೆ ಪಾದ್ರಿಯ ಪ್ರಾರ್ಥನೆ! ಸಾಯುವಾಗ ಆಕೆಯ ಕೈಯಲ್ಲಿ ಫೋನ್ ಇತ್ತು ಅನ್ನೋ ಸುದ್ದಿಯನ್ನು ಹಿಡಿದು, ಆಕೆ ಯಾರಿಗೆ ಕರೆ ಮಾಡ್ತಿದ್ದಳು ಅಂತ ದೇವರ ಮುಂದೆ ಕೇಳಿದ. 1982ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್‌ನಲ್ಲಿ ಟೆರಿ ಜಾನ್ಸನ್‌ನ 'ಇನ್‌ಸಿಗ್ನಿಫಿಕೆನ್ಸ್' ಆಡಿದರು. ಅದರಲ್ಲಿ ಮರ್ಲಿನ್‌ಳನ್ನೇ ಹೋಲುವ ನಟಿಯೊಬ್ಬಳು ಐನ್‌ಸ್ಟೈನ್‌ನನ್ನು ಹೋಲುವ ಪ್ರೊಫೆಸರ್‌ಗೆ, ಆಟದ ಸಾಮಾನು ಹರಡಿಕೊಂಡು, ಸಾಪೇಕ್ಷತಾ ಸಿದ್ಧಾಂತ ವಿವರಿಸ್ತಾಳೆ. ನಡೆದ ಘಟನೆ ಅಲ್ಲ, ಶುದ್ಧ ಕಲ್ಪನೆ. ಆದರೂ ಅಲ್ಲಿ ಆಕೆಗೊಂದು ಬುದ್ಧಿಯಿದೆ, ಕುತೂಹಲವಿದೆ.

ಹಾಗಂತ ಮಿಲ್ಲರ್‌ಗೆ ಬರೆಯುವ ಹಕ್ಕೇ ಇರಲಿಲ್ಲ ಅನ್ನೋಕಾಗಲ್ಲ. ಆ ಐದು ವರ್ಷ ಅವನ ಬದುಕೂ ಹೌದು, ಅವನ ನೋವೂ ಹೌದು. ದೂರದವರೆಲ್ಲ ಸಾಚಾಗಳೂ ಅಲ್ಲ. ಆಕೆಯ ಹೆಸರಲ್ಲಿ ಕಾಸು ಮಾಡಿಕೊಂಡವರು ಬೇಕಾದಷ್ಟು ಜನ. ಆದರೆ ಸತ್ತವರು ಎದ್ದು ಬಂದು 'ಅದು ಹಾಗಲ್ಲ' ಅನ್ನಲಾರರು. ಹಾಗಾಗಿ ಬರೆಯುವವನಿಗೆ ಎಷ್ಟು ಗೊತ್ತಿತ್ತು ಅನ್ನೋದಕ್ಕಿಂತ, ಅವನ ಬರಹದಲ್ಲಿ ಆಕೆಗೆ ಬಾಯಿ ತೆರೆಯೋಕೆ ಜಾಗ ಇದೆಯಾ ಅಂತ ನಾನು ನೋಡ್ತೀನಿ. ಗಂಡನ ನಾಟಕದಲ್ಲಿ ಆ ಜಾಗ ಇಕ್ಕಟ್ಟು. ಮುಖಪರಿಚಯವೂ ಇಲ್ಲದ ಪಾದ್ರಿ, ಕೊನೆಪಕ್ಷ, ಆಕೆ ಏನೋ ಹೇಳಬೇಕಿತ್ತು ಅಂತ ನಂಬಿದ.