ಹರಿವಾಣ ಬರಿದಾದ ದಿನ

ಫಾಲ್ಗುಣ ಬಹುಳ ತದಿಗೆ ವಾದಿರಾಜರ ಆರಾಧನೆ. ನಂದಿಕೂರಿನ ನಮ್ಮ ಮನೆಯಲ್ಲಿ ಅಂದು ಹಯಗ್ರೀವ ಮಡ್ಡಿ ಆಗಲೇಬೇಕು. ಕಡಲೆಬೇಳೆ ಎರಡು ಬೆರಳ ನಡುವೆ ಹಿಸುಕುವಷ್ಟು ಬೇಯಬೇಕು, ಕರಗಿ ಗಂಜಿಯಾಗಬಾರದು. ಬೇಯುವ ಮೊದಲೇ ಬೆಲ್ಲ ಬಿದ್ದರೆ ಮುಗಿಯಿತು, ಬೇಳೆ ಹಾಗೇ ಬಿರುಸಾಗಿ ಉಳಿಯುತ್ತದೆ. ಆಮೇಲೆ ಕಾಯಿತುರಿ, ಗಸಗಸೆ, ಏಲಕ್ಕಿ, ಕೈತುಂಬ ತುಪ್ಪ. ನೈವೇದ್ಯವಾಗುವ ತನಕ ರುಚಿ ನೋಡುವಂತಿಲ್ಲ; ಅಮ್ಮ ಪರಿಮಳದಲ್ಲೇ ಸಿಹಿ ಅಳೆಯುತ್ತಿದ್ದರು. ಬೆಲ್ಲವನ್ನು ಮಾತ್ರ ಕರಗಿಸಿ ಎರಡು ಸಲ ಸೋಸುತ್ತಿದ್ದರು. "ಒಂದು ಸಲ ಸಾಲದಾ?" ಎಂದರೆ, "ತಿನ್ನುವವನಿಗೆ ಕಲ್ಲು ಕಾಣುವುದಿಲ್ಲ ಮಗಾ" ಎನ್ನುವರು. ದೇವರಿಗೆ ಕಾಣದ್ದು ಯಾವುದಮ್ಮ ಎಂದು ನಾನು ವಾದಕ್ಕೆ ನಿಲ್ಲುತ್ತಿದ್ದೆ.

ಅಮ್ಮ ಹೋಗಿ ಎಷ್ಟೋ ವರ್ಷಗಳ ಮೇಲೆ ಆ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದೆ. ನೆರೆಮನೆಯ ಮದುವೆಯ ದಿಬ್ಬಣಕ್ಕೆ ಬಿಳಿ ಕುದುರೆಯೊಂದನ್ನು ಟೆಂಪೋದಲ್ಲಿ ತಂದಿದ್ದರು. ಊಟದ ಸಿಹಿಗೆ ಹಯಗ್ರೀವವೇ. ಬಿಳಿ ಕುದುರೆ ಕಂಡದ್ದೇ ನನಗೆ ಮೈ ಝುಮ್ಮೆಂದು, ಬಾಳೆಲೆಯ ತುಂಡಿನಲ್ಲಿ ಅದನ್ನು ತೆಗೆದುಕೊಂಡು ಹೋದೆ. ಕುದುರೆಯವನು ಕೈ ಅಡ್ಡ ಹಿಡಿದ. "ಬೇಡಮ್ಮ. ಕುದುರೆಗೆ ವಾಂತಿಯಾಗುವುದಿಲ್ಲ. ಒಳಗೆ ಹೋದದ್ದು ಹೋಯಿತು. ಹಿಂದೆ ಒಂದು ಮದುವೆಯಲ್ಲಿ ಯಾರೋ ಪ್ರೀತಿಯಿಂದ ತಟ್ಟೆಗಟ್ಟಲೆ ಲಾಡು ಕೊಟ್ಟರು, ರಾತ್ರಿಯಿಡೀ ಹೊಟ್ಟೆನೋವಿಗೆ ಹೊರಳಾಡಿತು." ಸಿಹಿ, ಕಾಳು ಅತಿಯಾದರೆ ಗೊರಸಿನ ಒಳಗೇ ಬಾವು ಬಂದು ಕುದುರೆಗೆ ನಿಲ್ಲಲೂ ಆಗುವುದಿಲ್ಲವಂತೆ. ಅವನೇ ಒಂದು ಕ್ಯಾರೆಟ್ಟನ್ನು ಉದ್ದುದ್ದ ಸೀಳಿ ಕೊಟ್ಟ. ದುಂಡಗೆ ಕೊಯ್ದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಗೈ ಚಪ್ಪಟೆಯಾಗಿ ಬಿಡಿಸಿ, ಹೆಬ್ಬೆರಳನ್ನು ಬದಿಗೊತ್ತಿ ಹಿಡಿದೆ. ಕುದುರೆ ನನ್ನ ಕೈ ನೋಡಲೇ ಇಲ್ಲ. ಮೂತಿಯ ಒರಟು ಕೂದಲು ಅಂಗೈಗೆ ತಾಗಿತು, ಬೆಚ್ಚನೆಯ ಉಸಿರು ಬಂತು, ತುಟಿ ತಡಕಾಡಿ ತುಂಡನ್ನು ಎತ್ತಿಕೊಂಡಿತು. "ಬಾಯಿಯ ಕೆಳಗಿರುವುದು ಅದಕ್ಕೆ ಕಾಣುವುದಿಲ್ಲಮ್ಮ" ಎಂದ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಕುಂದಾಪುರದ ಕಡೆಯ ಹೂವಿನಕೆರೆಯಲ್ಲಿ ಹುಟ್ಟಿ, ಉಡುಪಿಯ ಪರ್ಯಾಯವನ್ನು ಎರಡು ತಿಂಗಳಿಂದ ಎರಡು ವರ್ಷಕ್ಕೆ ಏರಿಸಿದ ಸೋದೆಯ ಯತಿ ವಾದಿರಾಜರು ಮಡ್ಡಿಯ ಹರಿವಾಣವನ್ನು ತಲೆಯ ಮೇಲೆ ಹಿಡಿಯುತ್ತಿದ್ದರಂತೆ. ಕುದುರೆಮೊಗದ ದೇವರು ಹಯಗ್ರೀವ ಬಿಳಿ ಕುದುರೆಯಾಗಿ ಹಿಂದಿನಿಂದ ಬಂದು, ಹೆಗಲ ಮೇಲೆ ಮುಂಗಾಲಿಟ್ಟು ತಿಂದು, ಸ್ವಲ್ಪ ಉಳಿಸುತ್ತಿದ್ದ. ಕೊಡುವವರಿಗೆ ತಿನ್ನುವವನು ಕಾಣುತ್ತಿರಲಿಲ್ಲ. ಒಂದು ದಿನ ಆಗದವರು ವಿಷ ಬೆರೆಸಿದರು. ಅಂದು ಹರಿವಾಣದಲ್ಲಿ ಅಗುಳೂ ಉಳಿಯಲಿಲ್ಲ. ವಿಗ್ರಹ ನೀಲಿಗಟ್ಟಿತು. ಯತಿಗಳು ಕೊಟ್ಟ ಬೀಜದಿಂದ ಮಟ್ಟುವಿನಲ್ಲಿ ಬೆಳೆದ ಗುಳ್ಳ ಬದನೆಯನ್ನು ನೈವೇದ್ಯ ಮಾಡಿದ ಮೇಲೆ ವಿಷ ಇಳಿಯಿತು ಎನ್ನುತ್ತಾರೆ. ಆ ಮಟ್ಟು ಊರು ನಮಗೇನು ದೂರ? ಪಡುಬಿದ್ರಿಗೆ ಹೋಗಿ ಕಾಪು ದಾಟಿದರೆ ಕಟಪಾಡಿ, ಅಲ್ಲಿಂದ ಕಡಲ ಕಡೆಗೆ. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು.

ದೇವರು ಸ್ವತಂತ್ರ, ಜೀವ ಪರತಂತ್ರ ಎಂದು ಮಧ್ವಮತ ಕಲಿಸುತ್ತದೆ. ಹಾಗಿರುವಾಗ ನಿತ್ಯತೃಪ್ತನಿಗೆ ನಮ್ಮ ಬೇಳೆ-ಬೆಲ್ಲ ಯಾಕೆ? ಮೊದಲೆಲ್ಲ ಈ ಪ್ರಶ್ನೆಗೆ ನಾನು ಭಕ್ತನ ಸಮಾಧಾನಕ್ಕೆ ಎಂದು ಉತ್ತರ ಕೊಟ್ಟುಕೊಳ್ಳುತ್ತಿದ್ದೆ. ಈಗ ಅದು ಸಾಲದೆನಿಸುತ್ತದೆ. ಸ್ವತಂತ್ರನಾದವನು ಪರತಂತ್ರನ ಕೈತುತ್ತಿಗೆ ಬಾಯೊಡ್ಡಿದ. ಅದರಲ್ಲೂ ಬಾಯಿಯ ಕೆಳಗಿನದು ಕಾಣದ, ನುಂಗಿದ್ದನ್ನು ಕಕ್ಕಲಾಗದ ಪ್ರಾಣಿಯಾಗಿ. ಸರ್ವಜ್ಞನಿಗೆ ವಿಷ ತಿಳಿಯಲಿಲ್ಲವೆ? ತಿಳಿದೇ ತಿಂದ, ಯತಿಗಳ ಪಾಲಿಗೆ ಏನೂ ಉಳಿಯದ ಹಾಗೆ. ಆದರೆ ಟೆಂಪೋದಲ್ಲಿ ಬಂದ ಕುದುರೆಗೆ ಅಂಥ ಶಕ್ತಿ ಇಲ್ಲ. ಅದಕ್ಕೆ ಇರುವುದು ನನ್ನ ಅಂಗೈ ಮಾತ್ರ. ನಾನು ಬಾಳೆಲೆಯಲ್ಲಿ ಒಯ್ದದ್ದು ಭಕ್ತಿಯೇ, ಸುಳ್ಳಲ್ಲ. ಆದರೂ ಅದರೊಳಗೆ ಕುದುರೆಯ ಯೋಚನೆ ಒಂದಿಷ್ಟೂ ಇರಲಿಲ್ಲ, ನನ್ನ ಪುಳಕ ಮಾತ್ರ ಇತ್ತು. ವಾದಿರಾಜರಾದರೋ ಕುದುರೆಮೊಗದವನಿಗೆ ಕುದುರೆ ಮೆಲ್ಲುವ ಕಡಲೆಯನ್ನೇ ಆರಿಸಿದ್ದರು.

ಈ ಸಲದ ಆರಾಧನೆಗೆ ಬೆಲ್ಲ ಕರಗಿಸಿ ಒಮ್ಮೆ ಸೋಸಿದೆ. ಬಟ್ಟೆ ತೊಳೆದು ಇನ್ನೊಮ್ಮೆ ಸೋಸಿದೆ. ಬಟ್ಟೆಯ ನಡುವೆ ಒಂದು ಹರಳು ಉಳಿದಿತ್ತು, ಸಾಸಿವೆಗಿಂತ ಚಿಕ್ಕದು.