ಎರಡನೇ ಸಲ ಬಂದವರು

ಆಫೀಸಿನಲ್ಲಿ ಏನು ಕೆಲಸ ಮಾಡ್ತೀಯ ಅಂತ ಊರಲ್ಲಿ ಯಾರಾದರೂ ಕೇಳಿದರೆ 'ಕಂಪ್ಯೂಟರ್ ಕೆಲಸ' ಅಂದು ಸುಮ್ಮನಾಗ್ತೀನಿ. ನಿಜ ಹೇಳಬೇಕೆಂದರೆ ನನ್ನ ಕೆಲಸ ಇಷ್ಟೇ: ಒಬ್ಬನೇ ಮನುಷ್ಯನ ಹೆಸರು ಪಟ್ಟಿಯಲ್ಲಿ ಎರಡು ಸಲ ಬಂದಿದ್ದರೆ ಹುಡುಕಿ ಒಂದನ್ನು ತೆಗೆಯುವುದು. ಸಾಲ ಕೊಡುವ ಕಂಪನಿಗಳ ಗಿರಾಕಿಗಳ ಪಟ್ಟಿ ಅದು. 'ಬಸವರಾಜ ಎಸ್' ಮತ್ತು 'ಎಸ್. ಬಸವರಾಜು' ಇಬ್ಬರೋ ಒಬ್ಬರೋ ಅನ್ನುವುದನ್ನು ಹೆಸರು, ವಿಳಾಸ, ಫೋನ್ ನಂಬರು ಹೋಲಿಸಿ ತೀರ್ಮಾನಿಸುವ ಪ್ರೋಗ್ರಾಮ್ ಬರೆಯುತ್ತೇನೆ. ಬಿ.ಇ. ಮುಗಿಸಿದ ಮೇಲೆ ಇದೊಂದನ್ನಾದರೂ ಚೆನ್ನಾಗಿ ಕಲಿತೆ ಅನ್ನುವ ಹೆಮ್ಮೆ ನನಗಿತ್ತು.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ನದಿ ಒಟ್ಟಿಗೆ ಉಕ್ಕಿದವು. ಪಟ್ಟದಕಲ್ಲಿನ ಗುಡಿಗಳನ್ನು ನೀರು ಸುತ್ತುವರಿದಿದ್ದ ಫೋಟೊ ಎಲ್ಲರ ವಾಟ್ಸ್ಯಾಪ್‌ನಲ್ಲೂ ಓಡಾಡುತ್ತಿತ್ತು. ನಮ್ಮೂರು ಎತ್ತರದಲ್ಲಿದೆ, ನಮಗೇನೂ ಆಗಲಿಲ್ಲ. ಆದರೆ ಅವ್ವನ ತವರಿನ ಕಡೆಯ ಊರುಗಳು ಹೊಳೆದಂಡೆಯವು. ಬೆಂಗಳೂರಿನಲ್ಲಿ ಕೂತು ಟಿವಿ ನೋಡೋಕೆ ಆಗಲಿಲ್ಲ. ಒಂದು ಸಣ್ಣ ಸೇವಾ ಸಂಸ್ಥೆಯವರು ಕಿಟ್ ಹಂಚಲು ಹೊರಟಿದ್ದರು, ಅವರ ಜೊತೆ ಸೇರಿಕೊಂಡೆ. 'ನಿಮಗೆ ಸಾಫ್ಟ್‌ವೇರ್ ಗೊತ್ತಲ್ಲ, ಪಟ್ಟಿ ನೀವು ನೋಡಿಕೊಳ್ಳಿ' ಅಂದರು. ನನಗೂ ಅದೇ ಬೇಕಿತ್ತು.

ಓಪನ್ ಡೇಟಾ ಕಿಟ್ ಅಂತ ಒಂದು ಉಚಿತ ತಂತ್ರಾಂಶವಿದೆ. ನೆಟ್‌ವರ್ಕ್ ಇಲ್ಲದ ಕಡೆಯೂ ಮೊಬೈಲಿನಲ್ಲಿ ಫಾರ್ಮ್ ತುಂಬಬಹುದು, ಸಿಗ್ನಲ್ ಸಿಕ್ಕಾಗ ತಾನೇ ಕಳಿಸಿಕೊಳ್ಳುತ್ತದೆ. ಅದರಲ್ಲಿ ಒಂದು ಫಾರ್ಮ್ ಮಾಡಿಕೊಟ್ಟೆ. ಮನೆಯ ಯಜಮಾನರ ಹೆಸರು, ಎಷ್ಟು ಜನ, ಮನೆ ಬಿದ್ದಿದೆಯೋ ನಿಂತಿದೆಯೋ, ಫೋನ್ ನಂಬರು. ಶನಿವಾರ ಹುಡುಗರು ಒಂದು ಊರಿನ ಶಾಲೆಯಲ್ಲಿದ್ದ ಗಂಜಿ ಕೇಂದ್ರಕ್ಕೆ ಹೋಗಿ ತುಂಬಿಸಿದರು. ರಾತ್ರಿ ನನಗೆ 263 ಸಾಲು ಬಂದವು. ನನ್ನ ಪ್ರೋಗ್ರಾಮ್ ಓಡಿಸಿದೆ. 231 ಉಳಿದವು. '32 ಡುಪ್ಲಿಕೇಟ್ ತೆಗೆದಿದ್ದೇನೆ' ಅಂತ ಗ್ರೂಪಿನಲ್ಲಿ ಹಾಕಿದೆ. ಹೆಬ್ಬೆರಳುಗಳು ಬಂದವು. ನೆಮ್ಮದಿಯಾಗಿ ಮಲಗಿದೆ.

ಮುಂದಿನ ವಾರ ನಾನೇ ಆ ಊರಿಗೆ ಹೋದೆ. ಶಾಲೆಯ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಕೂತಿದ್ದಳು. ನಾವು ಕಿಟ್‌ನವರು ಅಂತ ತಿಳಿದು ಹತ್ತಿರ ಬಂದಳು.

'ಯಪ್ಪಾ, ನಿಮ್ಮ ಫೋನ್ನಾಗ ನನ್ನ ಹೆಸ್ರು ಇಲ್ಲಂತಲ್ಲೋ. ನಾ ಅಂತೂ ಇಲ್ಲೇ ಅದೀನಿ ನೋಡು.'

ಏನಾಗಿತ್ತೆಂದರೆ, ಅಜ್ಜಿಯ ಹತ್ತಿರ ಫೋನಿಲ್ಲ. ಫಾರ್ಮಿನಲ್ಲಿ ನಂಬರು ತುಂಬದಿದ್ದರೆ ಮುಂದಕ್ಕೆ ಹೋಗುವುದಿಲ್ಲ, ಹಾಗೆ ಮಾಡಿದ್ದವನು ನಾನೇ. ಹುಡುಗರು ಪಕ್ಕದ ಮನೆಯವನ ನಂಬರು ಹಾಕಿದ್ದರು. ಆ ಓಣಿಯ ಮೂರು ಮನೆಗೂ ಅದೇ ನಂಬರು. ನನ್ನ ಪ್ರೋಗ್ರಾಮಿಗೆ ಆ ಮೂರು ಮನೆ ಒಂದೇ ಮನೆಯಾಗಿ ಕಂಡವು. ಭಾನುವಾರ ಅಜ್ಜಿ ಸಾಲಿನಲ್ಲಿ ನಿಂತು ಮುಂದೆ ಬಂದಾಗ ಹುಡುಗ 'ಸಿಸ್ಟಮ್‌ನಾಗ ಬರವಲ್ದು ಅಮ್ಮಾ' ಅಂದಿದ್ದ. ಪಾಪ, ಅವನು ಸುಳ್ಳು ಹೇಳಿರಲಿಲ್ಲ.

ಆ ಊರಿನ ಶಾಲೆಯ ಮಾಸ್ತರರನ್ನು ಕೂರಿಸಿಕೊಂಡು ಆ 32 ಹೆಸರು ಒಂದೊಂದಾಗಿ ಓದಿದೆ. ನಿಜವಾಗಿ ಎರಡು ಸಲ ಬರೆಸಿಕೊಂಡ ಮನೆಗಳು 9. ಉಳಿದ 23 ಬೇರೆ ಬೇರೆ ಸಂಸಾರಗಳು. ಒಂದೇ ಮನೆಯಲ್ಲಿ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರು, ಗಂಡ ಸತ್ತ ಮೇಲೆ ತವರಿಗೆ ಬಂದು ಹಿತ್ತಲಲ್ಲಿ ಗುಡಿಸಲು ಹಾಕಿಕೊಂಡ ಹೆಣ್ಣುಮಗಳು, ಇಂಥವರು. ಮಾಸ್ತರರಿಗೆ ಇದನ್ನು ಹೇಳಲು ಕಾಲು ಗಂಟೆ ಹಿಡಿಯಿತು. ಇನ್ನೊಂದು ವಿಷಯವೂ ಆಗ ಗೊತ್ತಾಯಿತು. ಆ ದಿನ ಟೆಂಪೋದಲ್ಲಿ 240 ಕಿಟ್ ಹೋಗಿದ್ದವು. 231 ಹಂಚಿ, ಉಳಿದ 9 ಕಿಟ್ ವಾಪಸ್ ತಂದಿದ್ದರು. ಪಟ್ಟಿಯಲ್ಲಿ ಹೆಸರು ಮುಗಿದಿತ್ತಲ್ಲ!

ಅವತ್ತಿನಿಂದ ತಲೆಯಲ್ಲಿ ಕೊರೆಯುತ್ತಿರುವ ಪ್ರಶ್ನೆ ಒಂದೇ. ಅಜ್ಜಿಗೆ ಇಲ್ಲ ಅಂದಿದ್ದು ಯಾರು? ಹುಡುಗನಲ್ಲ, ಅವನು ಸ್ಕ್ರೀನ್ ನೋಡಿ ಹೇಳಿದ. ಸಂಸ್ಥೆಯಲ್ಲ, ಅವರು ನನ್ನನ್ನು ನಂಬಿದ್ದರು. ನಾನೂ ಅಲ್ಲ ಅನ್ನಬಹುದು, ನಾನು ಆಕೆಯನ್ನು ನೋಡೇ ಇಲ್ಲವಲ್ಲ. ಯಾರೂ ಇಲ್ಲ ಅನ್ನದೆ ಒಬ್ಬಾಕೆ ಬರಿಗೈಯಲ್ಲಿ ಹೋದಳು ಅಂದರೆ ಏನರ್ಥ?

ಇಲ್ಲಿಗೆ ನಿಲ್ಲಿಸಿ 'ತಂತ್ರಜ್ಞಾನ ಕೆಟ್ಟದ್ದು, ಹಳೇ ಕಾಲವೇ ಚೆಂದ' ಅಂದರೆ ಓದುವವರಿಗೆ ಹಿತವಾಗಬಹುದು. ಆದರೆ ಅದು ಸುಳ್ಳು. 2009ರ ಅಕ್ಟೋಬರ್ ಹೊತ್ತಿಗೆ ಇದೇ ಉತ್ತರ ಕರ್ನಾಟಕದಲ್ಲಿ ನೆರೆ ಬಂದಾಗ ಪಟ್ಟಿ ಹೇಗಾಗುತ್ತಿತ್ತು ಅನ್ನುವುದನ್ನು ಕೇಳಿ ಬಲ್ಲೆ. ಕಟ್ಟೆಯ ಮೇಲೆ ಕೂತವರು ಹೇಳಿದ್ದೇ ಹೆಸರು. ಅವರಿಗೆ ನಮಸ್ಕಾರ ಹೊಡೆಯದವರ ಮನೆ ಪೂರ್ತಿ ಬಿದ್ದಿದ್ದರೂ ಕಾಗದದಲ್ಲಿ ನಿಂತೇ ಇರುತ್ತಿತ್ತು. ಊರ ಹೊರಗಿನ ಕೇರಿಗೆ ಪಟ್ಟಿ ಬರೆಯುವವರು ಕಾಲಿಡುತ್ತಲೇ ಇರಲಿಲ್ಲ. ಮೊಬೈಲ್ ಫಾರ್ಮಿಗೆ ಜಾತಿ ಕಾಣುವುದಿಲ್ಲ, ಅದಕ್ಕೆ ಯಾರ ಹಂಗೂ ಇಲ್ಲ. ನಾನು ಆ ಕೆಲಸಕ್ಕೆ ಹೋಗಿದ್ದೂ ಅದೇ ನಂಬಿಕೆಯಿಂದ.

ಆ ನಂಬಿಕೆಗೆ ಆಧಾರವೂ ಇದೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಶ್ರೀಲಂಕಾದಲ್ಲಿ 30 ಸಾವಿರಕ್ಕೂ ಹೆಚ್ಚು ಜನ ಸತ್ತರು. ಎಲ್ಲೆಲ್ಲಿಂದಲೋ ನೆರವು ಬಂತು, ಆದರೆ ಯಾವ ಶಿಬಿರದಲ್ಲಿ ಯಾರಿದ್ದಾರೆ, ಎಲ್ಲಿ ಏನು ಬೇಕು, ಯಾವ ಸಂಸ್ಥೆ ಎಲ್ಲಿದೆ ಅನ್ನುವುದನ್ನು ಒಂದೆಡೆ ಕೂಡಿಸುವುದು ಕಷ್ಟವಾಗಿತ್ತು. ಅಲ್ಲಿನ ಸಾಫ್ಟ್‌ವೇರ್ ಹುಡುಗರು ಸೇರಿ ಇದಕ್ಕೊಂದು ತಂತ್ರಾಂಶ ಬರೆದರು, ಬರೆದದ್ದನ್ನು ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟರು. ಮರುವರ್ಷ ಪಾಕಿಸ್ತಾನದ ಭೂಕಂಪದಲ್ಲೂ ಅದು ಬಳಕೆಯಾಯಿತು. ಅದರ ಹೆಸರು 'ಸಹನ'. ಸಿಂಹಳದಲ್ಲಿ ಸಹನ ಅಂದರೆ ಪರಿಹಾರ, ಉಪಶಮನ. ನಮ್ಮಲ್ಲಿ ಸಹನೆ ಅಂದರೆ ತಾಳಿಕೊಳ್ಳುವುದು. ಶಬ್ದದ ಮೂಲ ಒಂದೇ, ಅರ್ಥ ಎಲ್ಲಿಂದೆಲ್ಲಿಗೋ ಹೋಗಿದೆ. ಕೊಡುವವರು ಪರಿಹಾರ ಅಂದುಕೊಂಡಿದ್ದನ್ನು ಸಾಲಿನಲ್ಲಿ ನಿಂತವರು ತಾಳಿಕೊಳ್ಳುತ್ತಿರುತ್ತಾರೆ ಅಂತ ಈಗ ಆ ಹೆಸರು ಕೇಳಿದಾಗೆಲ್ಲ ಅನ್ನಿಸುತ್ತದೆ.

2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾದಾಗ 4636 ಅನ್ನುವ ನಂಬರಿಗೆ ಜನ ಎಸ್ಸೆಮ್ಮೆಸ್ ಕಳಿಸುವ ವ್ಯವಸ್ಥೆ ಆಯಿತು. ಸಂದೇಶಗಳು ಬಹುಪಾಲು ಕ್ರಿಯೋಲ್ ಭಾಷೆಯಲ್ಲಿ. ಪಾರುಗಾಣಿಸಲು ಬಂದ ಪರದೇಶದವರಿಗೆ ಅದು ಅರ್ಥವಾಗದು. ಬೇರೆ ಬೇರೆ ದೇಶಗಳಲ್ಲಿ ನೆಲೆಸಿದ್ದ ಹೈಟಿಯ ಜನ ತಮ್ಮ ಮನೆಯಲ್ಲೇ ಕೂತು ಅವನ್ನು ಅನುವಾದಿಸಿದರು, ಇಂಥ ಬೀದಿ ಇಂಥಲ್ಲಿದೆ ಅಂತ ನಕ್ಷೆಯಲ್ಲಿ ಗುರುತಿಸಿಕೊಟ್ಟರು. ಅದೇ ಹೊತ್ತಿಗೆ ಜಗತ್ತಿನಾದ್ಯಂತ ಓಪನ್‌ಸ್ಟ್ರೀಟ್‌ಮ್ಯಾಪ್ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ಪೋರ್ಟ್-ಔ-ಪ್ರಿನ್ಸ್ ನಗರದ ರಸ್ತೆಗಳನ್ನು ಬರೆದರು. ನೇಪಾಳದಲ್ಲಿ 2015ರ ಏಪ್ರಿಲ್ 25ರ ಭೂಕಂಪಕ್ಕೆ ಮುಂಚೆಯೇ ಕಾಠ್ಮಂಡು ಲಿವಿಂಗ್ ಲ್ಯಾಬ್ಸ್ ಅನ್ನುವ ಸಂಸ್ಥೆಯ ಹುಡುಗ ಹುಡುಗಿಯರು ತಮ್ಮ ನಗರದ ಶಾಲೆ, ಆಸ್ಪತ್ರೆಗಳನ್ನು ನಕ್ಷೆಗೆ ಹಾಕುತ್ತಿದ್ದರು. ಭೂಕಂಪವಾದಾಗ ಆ ನಕ್ಷೆ ಕೆಲಸಕ್ಕೆ ಬಂತು.

ಇವನ್ನೆಲ್ಲ ಮೊದಲು ಓದಿದ್ದಾಗ ನನ್ನ ಕಣ್ಣಿಗೆ ಬಿದ್ದದ್ದು ತಂತ್ರಾಂಶ. ಅಜ್ಜಿಯನ್ನು ಕಂಡ ಮೇಲೆ ಮತ್ತೆ ಓದಿದರೆ ಬೇರೆ ಏನೋ ಕಾಣುತ್ತದೆ. ಹೈಟಿಯಲ್ಲಿ ಕ್ರಿಯೋಲ್ ಬಲ್ಲವರು, ಬೀದಿ ಬಲ್ಲವರು ನಡುವೆ ಇದ್ದರು. ನೇಪಾಳದಲ್ಲಿ ಅದೇ ಊರಿನವರು ಇದ್ದರು. ನನ್ನ ಪಟ್ಟಿಗೂ ಜನರಿಗೂ ನಡುವೆ ಮಾಸ್ತರರಂಥ ಒಬ್ಬರೂ ಇರಲಿಲ್ಲ. ಕಟ್ಟೆಯ ಮೇಲಿನ ಯಜಮಾನರನ್ನು ದಾಟಿ ಹೋಗಬೇಕೆಂಬ ಹುಮ್ಮಸ್ಸಿನಲ್ಲಿ ಊರನ್ನೇ ದಾಟಿಬಿಟ್ಟಿದ್ದೆ.

ನನ್ನ ಸಹೋದ್ಯೋಗಿಯೊಬ್ಬ ಇದನ್ನು ಕೇಳಿ ಹೇಳಿದ: 'ಮಗಾ, ಯಾವ ಸಿಸ್ಟಮ್‌ನಲ್ಲೂ ತಪ್ಪು ಇದ್ದೇ ಇರುತ್ತೆ. ಡುಪ್ಲಿಕೇಟ್ ತೆಗೀದೇ ಇದ್ರೆ ಒಬ್ರಿಗೆ ಎರಡು ಹೋಗುತ್ತೆ, ಅದೂ ಅನ್ಯಾಯ ಅಲ್ವಾ?' ಹೌದು, ಅದೂ ಅನ್ಯಾಯವೇ. ಆದರೆ ಎರಡೂ ಒಂದೇ ತೂಕದ ಅನ್ಯಾಯವೇ? ಒಬ್ಬನಿಗೆ ಎರಡು ಕಿಟ್ ಹೋದರೆ ಹತ್ತು ಕೆಜಿ ಅಕ್ಕಿ ಹೆಚ್ಚು ಹೋಯಿತು. ನಷ್ಟ ಕೊಡುವವರಾದ ನಮ್ಮದು. ಅಜ್ಜಿಗೆ ಹೋಗದಿದ್ದರೆ ನಷ್ಟ ಪೂರ್ತಿ ಅಜ್ಜಿಯದು. ಸಾಲದ ಕಂಪನಿಯಲ್ಲಿ ನಾನು ಕಲಿತ ಲೆಕ್ಕ ಕಂಪನಿಯನ್ನು ಕಾಪಾಡುವ ಲೆಕ್ಕ. ಅನುಮಾನ ಬಂದರೆ ತೆಗೆದುಹಾಕು ಅನ್ನುವುದು ಅಲ್ಲಿನ ಧರ್ಮ. ಅದನ್ನೇ ಯೋಚಿಸದೆ ತಂದು ಗಂಜಿ ಕೇಂದ್ರದಲ್ಲಿ ಇಟ್ಟೆ. ಕೋಡ್‌ನಲ್ಲಿ ದೋಷವಿರಲಿಲ್ಲ, ಅದು ಯಾರ ಪರ ನಿಲ್ಲಬೇಕು ಅನ್ನುವುದನ್ನು ನಾನು ಕೇಳಿಕೊಂಡೇ ಇರಲಿಲ್ಲ.

ಅವನು ಬಿಡಲಿಲ್ಲ. 'ನಿನ್ನ ಹತ್ರ ಇದ್ದಿದ್ದೇ 240. ಸರಿಯಾದ ಪಟ್ಟಿ ಇದ್ದಿದ್ರೆ 254 ಮನೆ. ಹದಿನಾಲ್ಕು ಜನಕ್ಕೆ ಯಾರಾದ್ರೂ ಇಲ್ಲ ಅನ್ನಲೇಬೇಕಿತ್ತಲ್ಲ?' ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅದನ್ನೇ ಮಾಸ್ತರರಿಗೆ ಫೋನಿನಲ್ಲಿ ಕೇಳಿದೆ. ಅವರು ನಕ್ಕುಬಿಟ್ಟರು. 'ಹದಿನಾಕು ಚೀಲ ಕಮ್ಮಿ ಬಿದ್ರ ಚೀಲ ಬಿಚ್ಚತಿದ್ವಿ ಸರ. ಅಕ್ಕಿ ಏನು ಚೀಲದಾಗಽ ಇರಬೇಕಂತ ನೇಮ ಐತೇನು?'

ಒಂದು ಮನೆಗೆ ಒಂದು ಕಿಟ್ ಅನ್ನುವುದು ನನ್ನ ಪ್ರೋಗ್ರಾಮಿನ ಲೆಕ್ಕ. ಬಿಚ್ಚಿ ಹಂಚಿಕೊಳ್ಳುವುದು ಊರಿನ ಲೆಕ್ಕ. ಎಲ್ಲ ಊರಲ್ಲೂ ಹಂಚಿಕೊಳ್ಳುತ್ತಾರೆ ಅಂತ ಹೇಳುವಷ್ಟು ಮುಗ್ಧ ನಾನಲ್ಲ, ಕಟ್ಟೆಯ ಮೇಲಿನವರ ಕಥೆ ಮೇಲೆಯೇ ಹೇಳಿದ್ದೇನೆ. ಆದರೆ ಇಲ್ಲ ಅನ್ನಲೇಬೇಕಾದಾಗ ಅದನ್ನು ಒಬ್ಬ ಮನುಷ್ಯ ಹೇಳಬೇಕು, 'ಯಾಕಿಲ್ಲ?' ಅಂತ ಅವನನ್ನು ತಿರುಗಿ ಕೇಳುವಂತಿರಬೇಕು. ಕಟ್ಟೆಯ ಯಜಮಾನನ ಜೊತೆ ಜಗಳವಾದರೂ ಆಡಬಹುದು. ನನ್ನ ಪ್ರೋಗ್ರಾಮಿನ ಜೊತೆ ಅಜ್ಜಿ ಹೇಗೆ ಜಗಳ ಆಡಿಯಾಳು?

ಇನ್ನೂ ಒಂದು ಮಾತು. ಆ ಫಾರ್ಮಿನಲ್ಲಿ ಆಧಾರ್ ಕಾರ್ಡಿನ ಫೋಟೊ ಕೂಡ ಕೇಳಿದ್ದೆವು. ಯಾಕೆ ಅಂತ ಈಗ ಯಾರಿಗೂ ನೆನಪಿಲ್ಲ. 'ಇರಲಿ, ಮುಂದೆ ಬೇಕಾಗಬಹುದು' ಅಂತ. ಸೊಂಟದವರೆಗೆ ನೀರು ಕಂಡು ಬಂದವರು ಯಾವುದನ್ನಾದರೂ ಕೊಡುವುದಿಲ್ಲ ಅಂತಾರೆಯೇ? ಇಲ್ಲ ಅನ್ನಲಾಗದವರ ಹೂಂ ಒಪ್ಪಿಗೆ ಆಗುವುದಿಲ್ಲ. 2022ರ ಜನವರಿಯಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಮಾಹಿತಿಗೇ ಕನ್ನ ಬಿದ್ದದ್ದು ಬೆಳಕಿಗೆ ಬಂತು. ಯುದ್ಧ, ವಿಕೋಪಗಳಲ್ಲಿ ಮನೆಯವರಿಂದ ಅಗಲಿದವರು, ಕಾಣೆಯಾದವರು ಹೀಗೆ 5 ಲಕ್ಷ 15 ಸಾವಿರಕ್ಕೂ ಹೆಚ್ಚು ಜನರ ವಿವರ ಕಳ್ಳರ ಕಣ್ಣಿಗೆ ಸಿಕ್ಕಿತು. ಆ ಸುದ್ದಿ ಓದಿದ ರಾತ್ರಿ ಎದ್ದು ನನ್ನ ಲ್ಯಾಪ್‌ಟಾಪ್ ತೆಗೆದೆ. 254 ಮನೆಯವರ ಆಧಾರ್ ಫೋಟೊ ಎರಡೂವರೆ ವರ್ಷದಿಂದ ಒಂದು ಫೋಲ್ಡರಿನಲ್ಲಿ ಹಾಗೇ ಕೂತಿದ್ದವು. ಅಳಿಸಿದೆ. ಅಂಥ ಫೋಲ್ಡರು ಇನ್ನೆಷ್ಟು ಜನ ಸ್ವಯಂಸೇವಕರ ಹತ್ತಿರ ಇರಬಹುದು, ನೀವೇ ಯೋಚಿಸಿ.

ಈಗಲೂ ನಾನು ಆ ಸಂಸ್ಥೆಯ ಪಟ್ಟಿಗಳನ್ನು ಮಾಡಿಕೊಡುತ್ತೇನೆ. ಕೆಲವು ಬದಲಾವಣೆ ಆಗಿದೆ. ಫೋನ್ ನಂಬರು ಖಾಲಿ ಬಿಡಬಹುದು. ಆಧಾರ್ ಕೇಳುವುದಿಲ್ಲ. ಪ್ರೋಗ್ರಾಮ್ ಯಾರನ್ನೂ ತೆಗೆಯುವುದಿಲ್ಲ, 'ಇವರಿಬ್ಬರೂ ಒಬ್ಬರೇನಾ? ಊರಲ್ಲಿ ಕೇಳಿ' ಅಂತ ಗುರುತು ಹಾಕುತ್ತದೆ. ಕೇಳುವುದು ಇಬ್ಬರನ್ನು, ಅದರಲ್ಲಿ ಒಬ್ಬರು ಊರ ಹೊರಗಿನ ಕೇರಿಯವರು. ಪಟ್ಟಿ ಮುಗಿದ ಮೇಲೂ ಕಿಟ್ ಉಳಿದರೆ ವಾಪಸ್ ತರುವಂತಿಲ್ಲ. ಇದರಿಂದ ಎರಡು ಸಲ ತೆಗೆದುಕೊಂಡು ಹೋಗುವವರು ಇದ್ದಾರಾ? ಇದ್ದಾರೆ. ಸಾಲದ ಕಂಪನಿಯವರು ನೋಡಿದರೆ ನನ್ನನ್ನು ಮನೆಗೆ ಕಳಿಸುತ್ತಾರೆ.

ಅವ್ವನಿಗೆ ಈ ಕಥೆ ಹೇಳಿದಾಗ 'ನನ್ನ ರೇಷನ್ ಕಾರ್ಡಿಗೂ, ಬ್ಯಾಂಕಿಗೂ, ಗ್ಯಾಸಿಗೂ ನಿನ್ನದಽ ನಂಬರ್ ಐತಲ್ಲೋ' ಅಂದಳು. ನಾನು ಬರೆದ ಪ್ರೋಗ್ರಾಮಿನ ಲೆಕ್ಕದಲ್ಲಿ ನನ್ನ ಹೆತ್ತವಳು ಬೇರೆ ಮನುಷ್ಯಳೇ ಅಲ್ಲ, ನನ್ನ ಡುಪ್ಲಿಕೇಟ್.

ಅವತ್ತು ಆ ಶಾಲೆಯ ಕಟ್ಟೆಯ ಮೇಲೆ ಅಜ್ಜಿಯ ಹೆಸರನ್ನು ಮತ್ತೆ ಬರೆದುಕೊಳ್ಳಬೇಕಿತ್ತು. ಫಾರ್ಮ್ ಇನ್ನೂ ಹಳೆಯದೇ, ನಂಬರು ಹಾಕದೆ ಮುಂದೆ ಹೋಗುತ್ತಿರಲಿಲ್ಲ. ನನ್ನ ನಂಬರು ಹಾಕಿದೆ. ಅಂದಿನಿಂದ ಸಂಸ್ಥೆಯವರು ಯಾವಾಗ ಎಸ್ಸೆಮ್ಮೆಸ್ ಕಳಿಸಿದರೂ ನನ್ನ ಮೊಬೈಲಿಗೆ ಅಜ್ಜಿಯ ಹೆಸರಿನಲ್ಲಿ ಒಂದು ಬರುತ್ತದೆ. ಮಾಸ್ತರರಿಗೆ ಫೋನ್ ಮಾಡಿ ವಿಷಯ ಮುಟ್ಟಿಸುತ್ತೇನೆ. ಅವರು ಅಜ್ಜಿಗೆ ಹೇಳುತ್ತಾರೆ. ಈಗ ಫಾರ್ಮ್ ಬದಲಾಗಿದೆ, ಆ ನಂಬರನ್ನು ನಾನೇ ತೆಗೆದುಹಾಕಬಹುದು. ತೆಗೆದಿಲ್ಲ.