ಎರಡನೆಯ ಪರದೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ನಮ್ಮ ಶೈಕ್ಷಣಿಕ ಜಿಲ್ಲೆಯಲ್ಲಿ ಮೇಷ್ಟರಿಗೆ ಬರುವಷ್ಟು ಮದುವೆ ಕರೆಯೋಲೆಗಳು ಇನ್ನಾರಿಗೂ ಬರಲಾರವು. ಓದಿಸಿದ ಹುಡುಗಿಯರ ಮದುವೆ, ಆಮೇಲೆ ಅವರ ಮಕ್ಕಳ ಮದುವೆ. ವಿಡಿಯೋ ಇಲ್ಲದ ಮದುವೆಯನ್ನು ಈಚೆಗೆ ನಾನು ನೋಡಿಲ್ಲ. 1990ರ ದಶಕದಲ್ಲಿ ಎರಡು ವಿ.ಸಿ.ಆರ್. ಜೋಡಿಸಿ, ಒಂದರಿಂದ ಇನ್ನೊಂದಕ್ಕೆ ಬೇಕಾದಷ್ಟನ್ನೇ ಇಳಿಸಿಕೊಂಡು ಕ್ಯಾಸೆಟ್ ಮಾಡುತ್ತಿದ್ದರು. ಪ್ರತಿ ತೆಗೆದಂತೆಲ್ಲ ಚಿತ್ರ ಮಸುಕಾಗುತ್ತಿತ್ತು. ಈಗ ಆ ಕೆಲಸವೆಲ್ಲ ಕಂಪ್ಯೂಟರಿನೊಳಗೆ.

ಸ್ಟುಡಿಯೋಗಳಲ್ಲಿ ಕಂಪ್ಯೂಟರಿಗೆ ಎರಡು ಮಾನಿಟರ್ ಇರುವುದನ್ನು ನೀವೂ ಗಮನಿಸಿರಬಹುದು. ಮೊದಲನೆಯದರಲ್ಲಿ ಚಿತ್ರದ ತುಣುಕುಗಳು, ಧ್ವನಿಯ ಗೆರೆಗಳು, ಕತ್ತರಿಸಿದ ಗುರುತುಗಳೇ ತುಂಬಿರುತ್ತವೆ; ಚಿತ್ರಕ್ಕೆ ಉಳಿಯುವುದು ಅಂಗೈಯಗಲ ಜಾಗ. ಅದಕ್ಕೇ ಎಚ್‌ಡಿಎಂಐ ಕೇಬಲ್ ಹಾಕಿ ಇನ್ನೊಂದು ಮಾನಿಟರನ್ನೋ ಟಿ.ವಿ.ಯನ್ನೋ ಸೇರಿಸುತ್ತಾರೆ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 'ಡೂಪ್ಲಿಕೇಟ್' ಅಂದರೆ ಎರಡು ಪರದೆಯಲ್ಲೂ ಒಂದೇ ನೋಟ. 'ಎಕ್ಸ್‌ಟೆಂಡ್' ಅಂದರೆ ಎರಡನೆಯ ಪರದೆ ಬೇರೆಯೇ ಆಗುತ್ತದೆ. ಆಮೇಲೆ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಆ ಪರದೆಯನ್ನು ಆರಿಸಬೇಕು. ಪ್ರೀಮಿಯರ್‌ನಲ್ಲಿ ಇದಕ್ಕೆ 'ಮರ್ಕ್ಯುರಿ ಟ್ರಾನ್ಸ್‌ಮಿಟ್' ಅನ್ನುತ್ತಾರೆ, ಡಾವಿಂಚಿ ರಿಸಾಲ್ವ್‌ನಲ್ಲಿ 'ಕ್ಲೀನ್ ಫೀಡ್'. ಆಗ ಅಲ್ಲಿ ಬರುವುದು ಚಿತ್ರ ಮಾತ್ರ, ಪರದೆ ತುಂಬ. ಕತ್ತರಿಯ ಗುರುತು ಒಂದೂ ಇಲ್ಲ. ಮನೆಯವರನ್ನು ಕೂರಿಸಿ ತೋರಿಸುವುದು ಇದನ್ನೇ.

ನನ್ನ ಪ್ರಶ್ನೆ ಇರುವುದು ಇಲ್ಲಿಯೇ. ಎರಡನೆಯ ಪರದೆಯ ಮುಂದೆ ಕೂತವರಿಗೆ ಏನನ್ನು ತೆಗೆದಿದ್ದಾರೆಂಬುದು ಗೊತ್ತಾಗುವ ಬಗೆ ಹೇಗೆ?

ಗಂಡನನ್ನು ಕಳೆದುಕೊಂಡ ಗೆಳತಿಯೊಬ್ಬಳು ಮಗಳ ಮದುವೆ ಮಾಡಿದಳು. ಧಾರೆ ಎರೆದುಕೊಟ್ಟವರು ಅವಳ ಅಣ್ಣ ಅತ್ತಿಗೆ. ಅವಳು ಕಂಬದ ಪಕ್ಕ ನಿಂತಿದ್ದಳು. ವಿಡಿಯೋ ನೋಡಲು ಅವಳ ಜೊತೆ ನಾನೂ ಹೋಗಿದ್ದೆ. ಅವಳಿಗೆ ಎರಡನೆಯ ಪರದೆಯ ಮುಂದೆ ಕುರ್ಚಿ, ನನಗೆ ಹುಡುಗನ ಪಕ್ಕ. ಅವಳು "ಚೆನ್ನಾಗಿ ಬಂದಿದೆ ಕಣಪ್ಪ" ಅನ್ನುತ್ತಿದ್ದಾಗ, ಹುಡುಗನ ಪರದೆಯ ಮೂಲೆಯಲ್ಲಿ ಕಂಬ ಹಿಡಿದು ಕಣ್ಣೊರೆಸಿಕೊಳ್ಳುವ ಅವಳದೇ ತುಣುಕುಗಳು ಬೇರೆಯಾಗಿ ಕೂತಿದ್ದವು.

"ಇವು ಯಾಕಪ್ಪಾ ಹೊರಗಿವೆ?"

"ಮನೆ ಹಿರಿಯರು ಹೇಳಿದ್ರು ಮೇಡಂ, ಧಾರೆ ಹೊತ್ತಲ್ಲಿ ಅಮ್ಮ ಕಾಣೋದು ಬೇಡ ಅಂತ."

ಗೆಳತಿ ಕೇಳಿಸಿಕೊಂಡಳು. "ಇರ್ಲಿ ಬಿಡೇ, ಶುಭಕಾರ್ಯ ಅಲ್ವಾ" ಅಂದಳು. ಅದನ್ನೊಂದು ಸಲ ಅವರ ಪರದೆಗೆ ಹಾಕಪ್ಪ, ನೋಡಿ ಹೇಳಲಿ ಅಂದೆ. ಹಾಕಿದ. ಅವಳು ಕಣ್ಣು ಮಿಟುಕಿಸದೆ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ, "ಇದು ಇರ್ಲಿ. ನನ್ನ ಮಗಳು ನೋಡ್ಬೇಕು" ಅಂದಳು.

ಕತ್ತರಿಸುವುದೇ ಸುಳ್ಳು ಎಂದು ನಾನು ಹೇಳಲಾರೆ. ದಿನವಿಡೀ ತೆಗೆದ ಚಿತ್ರವನ್ನು ಯಾರು ಕೂತು ನೋಡಿಯಾರು? ಮೇಷ್ಟರೂ ನಲವತ್ತು ನಿಮಿಷದ ಪಾಠದಲ್ಲಿ ಬಿಡುವುದೇ ಹೆಚ್ಚು. ಆದರೆ ಉದ್ದ ಕಡಿಮೆ ಮಾಡುವುದು ಬೇರೆ, ಒಬ್ಬರನ್ನು ಇಲ್ಲವಾಗಿಸುವುದು ಬೇರೆ. ಇವೆರಡನ್ನು ಬೇರ್ಪಡಿಸಲು ನನಗೆ ತೋಚುವ ಪರೀಕ್ಷೆ ಒಂದೇ: ತೆಗೆದದ್ದನ್ನು ಅವರ ಮುಖ ನೋಡಿ ಹೇಳಬಲ್ಲೆವೇ? ಊಟದ ಸಾಲು ಕತ್ತರಿಸಿದೆ ಎಂದು ಯಾರ ಮುಂದೆ ಬೇಕಾದರೂ ಹೇಳಬಹುದು. ಹೆತ್ತವಳನ್ನು ಕತ್ತರಿಸಿದೆ ಎಂದು ಅವಳಿಗೇ ಹೇಳಲು ನಾಲಿಗೆ ಏಳುವುದಿಲ್ಲ.

ಅವಳೇ 'ಇರ್ಲಿ ಬಿಡೇ' ಅಂದಳಲ್ಲ, ಒಪ್ಪಿಕೊಂಡಂತಲ್ಲವೇ ಎಂದು ನೀವು ಕೇಳಬಹುದು. ಆ ಮಾತು ಅವಳದಲ್ಲ, ವರ್ಷಗಟ್ಟಲೆ ಹಿಂದೆ ಸರಿದು ನಿಂತ ಅಭ್ಯಾಸದ್ದು. ಏನು ಹೋಯಿತೆಂದು ಕಾಣದೆ ಕೊಟ್ಟ ಒಪ್ಪಿಗೆಯನ್ನು ಒಪ್ಪಿಗೆ ಅನ್ನುವುದು ಹೇಗೆ? ನೋಡಿದ ಮೇಲೂ ಅವಳು ಬೇಡವೆಂದಿದ್ದರೆ ಅದು ಅವಳ ತೀರ್ಮಾನವಾಗುತ್ತಿತ್ತು. ನನಗೆ ಎದುರಾಡುವ ಹಕ್ಕಿರುತ್ತಿರಲಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ಕತ್ತರಿಸಿ ತೆಗೆದದ್ದಕ್ಕೆ ಮಾತ್ರ ಬೇಕೇ ಬೇಕು. ಲಗ್ನಪತ್ರಿಕೆಯ ಹೆಸರುಗಳಲ್ಲಿ, ಅರಿಶಿನ ಕುಂಕುಮಕ್ಕೆ ಕರೆಯುವವರ ಪಟ್ಟಿಯಲ್ಲಿ, ಗ್ರೂಪ್ ಫೋಟೋದ ಸಾಲಿನಲ್ಲಿ ನಾವೆಲ್ಲ ಕತ್ತರಿ ಹಿಡಿದವರೇ. ನೋಡಲು ಬಂದವರಿಗೆ ಚೊಕ್ಕ ಚಿತ್ರ ತೋರಿಸೋಣ, ತಪ್ಪಿಲ್ಲ. ಬಿಟ್ಟುಹೋದವರಿಗೆ ಮಾತ್ರ ನಮ್ಮ ಕತ್ತರಿಯೂ ಕಾಣಲಿ, 'ಬೇಡ' ಅನ್ನುವ ಅವಕಾಶವೂ ಇರಲಿ.